ಕಣ್ಣು ಮಂದವಾದ ದೊಡ್ಡಮ್ಮನಿಗೆ ಎಂಥ ರೇಡಿಯೋ ಕೊಡಿಸಲಿ?

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ 79 ವರ್ಷ. ಕಣ್ಣಿನ ಒಳಪರದೆಯ ಮಧ್ಯಭಾಗ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಎದುರಿಗೆ ಇರುವುದು ಮಸುಕು, ಪಕ್ಕದ್ದು ಸ್ವಲ್ಪ ಕಾಣುತ್ತದೆ. ಮೊದಲಿಂದಲೂ ರೇಡಿಯೋ ಅಂದರೆ ಪ್ರಾಣ. ಹಳೆಯ ಸೆಟ್ ಕೆಟ್ಟಿತು ಅಂತ ಕಳೆದ ವರ್ಷ ಡಿಜಿಟಲ್ ರೇಡಿಯೋ ತಂದುಕೊಟ್ಟೆವು. ನಾವು ಹಾಕಿಕೊಟ್ಟರೆ ಕೇಳುತ್ತಾರೆ, ಅವರಾಗಿ ಮುಟ್ಟುವುದೇ ಇಲ್ಲ. ಸುಲಭವಾಗಿ ಬಳಸುವಂಥದ್ದು ಯಾವುದು? ಮಾತಲ್ಲೇ ಹೇಳಿದರೆ ಹಾಡುವ ಸ್ಮಾರ್ಟ್ ಸ್ಪೀಕರ್ ಕೊಡಿಸಿಬಿಡೋಣ್ವಾ?

ಉತ್ತರ: "ಅವರಾಗಿ ಮುಟ್ಟುವುದೇ ಇಲ್ಲ" ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ದೊಡ್ಡಮ್ಮನಿಗೆ ರೇಡಿಯೋ ಬೇಜಾರಾಗಿರಲಿಕ್ಕಿಲ್ಲ. ಮುಟ್ಟಿದರೆ ಏನಾಗಿಬಿಡುತ್ತದೋ ಅನ್ನುವ ಅಳುಕು ಅದು. ಒಂದು ದಿನ ಏನೋ ಒತ್ತಿರುತ್ತಾರೆ, ಸ್ಟೇಷನ್ ಮಾಯವಾಗಿರುತ್ತದೆ, ವಾಪಸ್ ತರುವುದು ಹೇಗೆಂದು ಗೊತ್ತಾಗಿರುವುದಿಲ್ಲ. ಮನೆಯವರನ್ನು ಒಂದು ಸಲ ಕರೆದಿರುತ್ತಾರೆ, ಎರಡು ಸಲ ಕರೆದಿರುತ್ತಾರೆ, ಮೂರನೇ ಸಲ ಕರೆಯಲು ಸಂಕೋಚ. ಆಮೇಲೆ ಸುಮ್ನೆ ಕೂತುಬಿಡುತ್ತಾರೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ನಮ್ಮ ಸೋದರತ್ತೆಗೆ ನಾನೇ ಇಂಥದ್ದೊಂದು ಸೆಟ್ ತಂದುಕೊಟ್ಟಿದ್ದೆ. ನುಣ್ಣನೆಯ ಕಪ್ಪು ಮುಖ, ಮುಟ್ಟಿದರೆ ಸಾಕು ಕೆಲಸ ಮಾಡುವ ಟಚ್ ಬಟನ್. ಧ್ವನಿ ತುಂಬಾ ಚೆನ್ನಾಗಿತ್ತು. ಒಂದು ಸಂಜೆ ಪಕ್ಕದಲ್ಲಿ ಕೂತು ಅವರ ಬೆರಳನ್ನೇ ನೋಡುತ್ತಿದ್ದೆ. ತೋರುಬೆರಳನ್ನು ಸೆಟ್ಟಿನ ಎಡ ಅಂಚಿಗಿಟ್ಟು ಮೆಲ್ಲಗೆ ಬಲಕ್ಕೆ ಸವರಿಕೊಂಡು ಬಂದರು, ವಾಲ್ಯೂಮ್ ಎಲ್ಲಿದೆ ಅಂತ ಹುಡುಕಲು. ಬೆರಳು ದಾರಿಯಲ್ಲಿ ಮೂರು ಬಟನ್ ದಾಟಿತು. ಮೂರೂ ಕೆಲಸ ಮಾಡಿದವು! ಬ್ಯಾಂಡ್ ಬದಲಾಯಿತು, ಅಲಾರಂ ಸೆಟ್ಟಾಯಿತು, ಧ್ವನಿ ನಿಂತೇ ಹೋಯಿತು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಅವತ್ತು ನನಗೆ ವಿಷಯ ತಿಳಿಯಿತು. ಕಣ್ಣು ಕಾಣದವರಿಗೆ ಬೆರಳೇ ಕಣ್ಣು, ಮುಟ್ಟುವುದೇ ನೋಡುವುದು. ನೋಡಿದ ಮಾತ್ರಕ್ಕೆ ಏನೋ ಆಗಿಬಿಡುವ ವಸ್ತುವನ್ನು ಯಾರು ತಾನೇ ಧೈರ್ಯವಾಗಿ ಬಳಸಿಯಾರು?

ಹಾಗಾಗಿ ನಾನು ನೋಡುವ ಮೊದಲ ಗುಣ ಇದು: ಸೆಟ್ಟಿನ ಮೇಲೆಲ್ಲಾ ಕೈಯಾಡಿಸಿದರೂ ಏನೂ ಬದಲಾಗಬಾರದು. ಬೇಕೆಂದೇ ತಿರುಗಿಸಿದಾಗ, ಬೇಕೆಂದೇ ಒತ್ತಿದಾಗ ಮಾತ್ರ ಕೆಲಸ ಮಾಡಬೇಕು. ಟಚ್ ಬಟನ್ ಇರುವುದನ್ನು ಪಟ್ಟಿಯಿಂದ ತೆಗೆದುಬಿಡಿ, ಎಷ್ಟೇ ಚೆನ್ನಾಗಿ ಹಾಡಲಿ.

ಹೊಸದು ಕೊಳ್ಳುವ ಮೊದಲು ಒಂದು ಮಾತು. ಆ ಹಳೆಯ ಸೆಟ್ ಇನ್ನೂ ಇದೆಯಾ? ಇದ್ದರೆ ದಯವಿಟ್ಟು ಒಮ್ಮೆ ರಿಪೇರಿಯವರಿಗೆ ತೋರಿಸಿ. ಹಳೆಯ ರೇಡಿಯೋ ಕೆಡುವುದು ಬಹಳ ಸಲ ಸಣ್ಣಪುಟ್ಟ ಕಾರಣಕ್ಕೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತಿದ್ದರೆ ಒಳಗೆ ಧೂಳು ಕೂತಿದೆ ಅಂತ ಅರ್ಥ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಹೆಚ್ಚಾಗಿ ಸರಿಹೋಗುತ್ತದೆ. ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದ್ದರೆ ಅದನ್ನು ಕೆರೆದು ಸ್ವಚ್ಛ ಮಾಡಬಹುದು. ಮುಳ್ಳು ಓಡದಿದ್ದರೆ ಒಳಗಿನ ದಾರ ತುಂಡಾಗಿರಬಹುದು ಅಥವಾ ಸಡಿಲವಾಗಿರಬಹುದು, ಅಷ್ಟೇ. ಆ ಸೆಟ್ಟಿನ ನಾಬ್ ಎಲ್ಲಿದೆ, ಎಷ್ಟು ತಿರುಗಿಸಿದರೆ ಎಷ್ಟು ಸದ್ದು ಬರುತ್ತದೆ ಅನ್ನುವುದು ದೊಡ್ಡಮ್ಮನ ಕೈಗೆ ವರ್ಷಗಳಿಂದ ಗೊತ್ತು. ಆ ಗೊತ್ತನ್ನು ಹೊಸ ಸೆಟ್ಟಿನ ಜೊತೆ ಕೊಂಡು ತರಲು ಆಗುವುದಿಲ್ಲ. ರಿಪೇರಿ ಆಗುವುದೇ ಇಲ್ಲ ಅಂದರೆ ಆ ಹಳೆಯದರ ಹಾಗೇ ಇರುವ ಹೊಸದನ್ನು ಹುಡುಕಿ. ಅದರಲ್ಲಿ ಬಲಗಡೆ ವಾಲ್ಯೂಮ್ ಇತ್ತಾ? ಇದರಲ್ಲೂ ಬಲಗಡೆಯೇ ಇರಲಿ.

ಈಗ ಹೊಸ ಸೆಟ್ ನೋಡುವ ಬಗೆ. ಅಂಗಡಿಯಲ್ಲಿ ಸೆಟ್ಟನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ. ಆನ್ ಮಾಡಿ, ಸದ್ದು ಜಾಸ್ತಿ ಮಾಡಿ, ಕಡಿಮೆ ಮಾಡಿ, ಸ್ಟೇಷನ್ ಬದಲಾಯಿಸಿ, ಮತ್ತೆ ಮೊದಲಿನ ಸ್ಟೇಷನ್ನಿಗೆ ಬನ್ನಿ, ಆಫ್ ಮಾಡಿ. ಇಷ್ಟನ್ನು ನಿಮಗೇ ಮಾಡಲಾಗದಿದ್ದರೆ ದೊಡ್ಡಮ್ಮನಿಗೆ ಹೇಗೆ ಸಾಧ್ಯ? ಆನ್‌ಲೈನಲ್ಲಿ ಕೊಳ್ಳುವುದಾದರೆ ವಾಪಸ್ ಕೊಡುವ ಅವಕಾಶ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಫೋಟೋದಲ್ಲಿ ಉಬ್ಬು ಗುಂಡಿಯೂ ಬರೀ ಚಿತ್ರವೂ ಒಂದೇ ಥರ ಕಾಣುತ್ತವೆ.

ವಾಲ್ಯೂಮಿಗೆ ತಿರುಗಿಸುವ ನಾಬ್ ಇರಲೇಬೇಕು. ಅದರಲ್ಲೂ ಎರಡು ಜಾತಿ ಇದೆ, ಇದು ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಒಂದು ಹಳೆಯ ಥರದ್ದು. ಎಡಕ್ಕೆ ಪೂರ್ತಿ ತಿರುಗಿಸಿದರೆ ಟಕ್ ಅಂತ ಆಫ್ ಆಗುತ್ತದೆ, ಬಲಕ್ಕೆ ಒಂದು ಕಡೆ ಹೋಗಿ ನಿಲ್ಲುತ್ತದೆ. ಕೈಯಿಟ್ಟರೆ ಸಾಕು, ಈಗ ಎಲ್ಲಿದೆ ಅಂತ ತಿಳಿಯುತ್ತದೆ. ಇನ್ನೊಂದು ಈಗಿನ ಡಿಜಿಟಲ್ ಸೆಟ್ಟುಗಳಲ್ಲಿ ಬರುವಂಥದ್ದು. ನೋಡಲು ನಾಬ್ ಹಾಗೇ ಇರುತ್ತದೆ, ಆದರೆ ಗಿರಗಿರ ತಿರುಗುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಎಷ್ಟು ತಿರುಗಿಸಿದ್ದೇವೆ ಅನ್ನುವುದು ಪರದೆಯ ಮೇಲೆ ಮಾತ್ರ ಬರುತ್ತದೆ. ಕೆಲವದರಲ್ಲಿ ಅದೇ ನಾಬನ್ನು ಒತ್ತಿದರೆ ಮೆನು ತೆರೆದುಕೊಳ್ಳುತ್ತದೆ. ದೊಡ್ಡಮ್ಮನಿಗೆ ಇದು ಬೇಡ. ಟಕ್ ಅನ್ನುವುದೇ ಬೇಕು, ಆ ಟಕ್ ಕಿವಿಗೂ ಕೇಳುತ್ತದೆ ಬೆರಳಿಗೂ ತಿಳಿಯುತ್ತದೆ.

ಒಂದು ಗುಂಡಿಗೆ ಒಂದೇ ಕೆಲಸ ಇರಬೇಕು. ಸ್ವಲ್ಪ ಒತ್ತಿದರೆ ಒಂದು ಕೆಲಸ, ಹೆಚ್ಚು ಹೊತ್ತು ಒತ್ತಿ ಹಿಡಿದರೆ ಇನ್ನೊಂದು ಕೆಲಸ ಅನ್ನುವ ಬಟನ್ನುಗಳು ಕಣ್ಣು ಚೆನ್ನಾಗಿರುವವರನ್ನೇ ಗೋಳಾಡಿಸುತ್ತವೆ. ಮೆಮೊರಿಗೆ ಹಾಕಿಟ್ಟ ಸ್ಟೇಷನ್ ಹೀಗೆ ಒತ್ತಿ ಹಿಡಿದಿದ್ದಕ್ಕೇ ಅಳಿಸಿಹೋಗಿ, ಆ ಜಾಗದಲ್ಲಿ ಇನ್ಯಾವುದೋ ಬಂದು ಕೂತಿರುತ್ತದೆ. ಕೈ ನಡುಗುವವರಿಗೆ, ಬೆರಳಿನ ಗಂಟು ಬಿಗಿದವರಿಗೆ ಇದು ಇನ್ನೂ ಕಷ್ಟ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಇದನ್ನೂ ಗಮನಿಸಿ: ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಬೆರಳ ತುದಿಯ ಸ್ಪರ್ಶವೂ ಮಂದವಾಗಬಹುದು, ಅಂಥವರಿಗೆ ಸಣ್ಣ ಉಬ್ಬು ತಿಳಿಯುವುದಿಲ್ಲ. ದೊಡ್ಡ ನಾಬ್, ಅಂಚಿಗೆ ಗೀರು ಇರುವಂಥದ್ದು ಬೇಕಾಗುತ್ತದೆ.

ಸ್ಟೇಷನ್ ಹಿಡಿಯುವ ವಿಚಾರಕ್ಕೆ ಬರೋಣ. ದೊಡ್ಡಮ್ಮ ದಿನಕ್ಕೆ ಎಷ್ಟು ಸ್ಟೇಷನ್ ಕೇಳುತ್ತಾರೆ? ಒಂದು ವಾರ ಗಮನಿಸಿ. ಹೆಚ್ಚಿನವರು ಒಂದೋ ಎರಡೋ, ಜಾಸ್ತಿ ಅಂದರೆ ಮೂರು ಕೇಳುತ್ತಾರೆ. ನಿಮ್ಮ ಸೆಟ್ಟಿನಲ್ಲಿ 200 ಸ್ಟೇಷನ್ ಮೆಮೊರಿಗೆ ಹಾಕಬಹುದು ಅನ್ನುವುದರಿಂದ ಅವರಿಗೆ ಏನೂ ಉಪಯೋಗವಿಲ್ಲ. ಒಂದೇ ಸ್ಟೇಷನ್ ಕೇಳುವವರಾದರೆ ಮುಳ್ಳು ಓಡುವ ಹಳೆಯ ಥರದ ಸೆಟ್ ಸಾಕು. ಒಮ್ಮೆ ಟ್ಯೂನ್ ಮಾಡಿ ಬಿಟ್ಟರೆ ಅಲ್ಲೇ ಇರುತ್ತದೆ. ಎರಡು ಮೂರು ಸ್ಟೇಷನ್ ಬೇಕು ಅಂದರೆ ಪ್ರತಿ ಸ್ಟೇಷನ್ನಿಗೂ ಬೇರೆಬೇರೆ ಒತ್ತುವ ಗುಂಡಿ ಇರುವ ಸೆಟ್ ಒಳ್ಳೆಯದು. ಗುಂಡಿಗಳ ನಡುವೆ ಬೆರಳಗಲ ಜಾಗ ಇರಲಿ. ಅಂಥದ್ದನ್ನು ಕೊಳ್ಳುವಾಗ ಪ್ಲಗ್ ಕಿತ್ತು, ಸೆಲ್ಲನ್ನೂ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಕೆಲವು ಸೆಟ್ಟುಗಳು ಅಷ್ಟರಲ್ಲೇ ಎಲ್ಲ ಸ್ಟೇಷನ್ ಮರೆತುಬಿಡುತ್ತವೆ. ಕರೆಂಟ್ ಹೋದಾಗಲೆಲ್ಲ ನೀವು ಹೋಗಿ ಮತ್ತೆ ಹಾಕಿಕೊಡಬೇಕಾಗುತ್ತದೆ.

ಅವರು ಕೇಳುವ ಸ್ಟೇಷನ್ ಯಾವ ಬ್ಯಾಂಡಿನಲ್ಲಿ ಬರುತ್ತದೆ ಅನ್ನುವುದನ್ನೂ ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಬಹುತೇಕ ಕಡೆ ಎಫ್‌ಎಂ ಅಂದರೆ 87.5ರಿಂದ 108 ಮೆಗಾಹರ್ಟ್ಸ್, ಮೀಡಿಯಂ ವೇವ್ ಅಂದರೆ ಸುಮಾರು 530ರಿಂದ 1600 ಕಿಲೋಹರ್ಟ್ಸ್ ಮತ್ತು ಸ್ವಲ್ಪ ಮೇಲೆ. ಬರೀ ಎಫ್‌ಎಂ ಇರುವ ಸೆಟ್ ತಂದು, ದೊಡ್ಡಮ್ಮನ ಇಷ್ಟದ ಸ್ಟೇಷನ್ ಮೀಡಿಯಂ ವೇವಿನಲ್ಲಿ ಇದ್ದರೆ ಏನು ಮಾಡುತ್ತೀರಿ? ಹಲವು ದೇಶಗಳಲ್ಲಿ ಮೀಡಿಯಂ ವೇವ್ ಕೇಂದ್ರಗಳು ಒಂದೊಂದಾಗಿ ಮುಚ್ಚುತ್ತಿವೆ. ನಾರ್ವೆಯಲ್ಲಂತೂ 2017ರಲ್ಲಿ ರಾಷ್ಟ್ರೀಯ ಸ್ಟೇಷನ್ನುಗಳು ಎಫ್‌ಎಂ ಬಿಟ್ಟು ಡಿಜಿಟಲ್ ಪ್ರಸಾರಕ್ಕೆ ಹೋದವು. ಡಿಜಿಟಲ್ ಪ್ರಸಾರಕ್ಕೆ ಬೇರೆಯೇ ಸೆಟ್ ಬೇಕು, ಬರೀ ಪರದೆಯಲ್ಲಿ ನಂಬರ್ ತೋರಿಸುವ ಎಫ್‌ಎಂ ಸೆಟ್ ಸಾಲದು. ಆನ್ ಮಾಡಿದ ಮೇಲೆ ಧ್ವನಿ ಬರಲು ಅದು ಕೆಲವು ಸೆಕೆಂಡ್ ತೆಗೆದುಕೊಳ್ಳಬಹುದು. ಅಷ್ಟರಲ್ಲಿ "ಆನ್ ಆಗಲಿಲ್ಲವೇನೋ" ಅಂತ ಇನ್ನೊಮ್ಮೆ ಒತ್ತಿ ಆಫ್ ಮಾಡಿಬಿಡುವವರು ಬಹಳ. ಅಂಥ ಸೆಟ್ಟೇ ಬೇಕಾದರೆ ಈ ಸಂಗತಿಯನ್ನು ಮೊದಲೇ ಹೇಳಿಕೊಡಿ: ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಅಂತ.

ಧ್ವನಿಯ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ವಯಸ್ಸಾದ ಹಾಗೆ ಕಿವಿಗೆ ಮೊದಲು ಕಡಿಮೆಯಾಗುವುದು ಸಣ್ಣ ಕಂಠದ, ಚೂಪಾದ ಸದ್ದುಗಳು. ಸ, ಶ, ತ ಇಂಥ ಅಕ್ಷರಗಳು ಮಸುಕಾಗುತ್ತವೆ. "ಕೇಳಿಸುತ್ತದೆ, ಆದರೆ ಏನು ಹೇಳಿದರು ಅಂತ ತಿಳಿಯಲ್ಲ" ಅನ್ನುತ್ತಾರಲ್ಲ, ಅದು ಇದೇ. ಅವರಿಗೆ ಗುಮ್ ಗುಮ್ ಅನ್ನುವ ಬೇಸ್ ಇರುವ ಸ್ಪೀಕರ್ ತಂದರೆ ಮಾತು ಇನ್ನೂ ಮುಚ್ಚಿಹೋಗುತ್ತದೆ. ಮೂರು ನಾಲ್ಕು ಇಂಚಿನ ಸ್ಪೀಕರ್, ಅದು ಮುಂದಕ್ಕೆ ಮುಖ ಮಾಡಿರುವುದು, ಸಾಧ್ಯವಾದರೆ ಆ ಗುಮ್ ಅನ್ನುವುದನ್ನು ತಗ್ಗಿಸಲು ಒಂದು ಟೋನ್ ನಾಬ್. ಹಾಡು ಹಾಕಿ ಪರೀಕ್ಷೆ ಮಾಡಬೇಡಿ. ವಾರ್ತೆ ಹಾಕಿ, ಐದಡಿ ದೂರ ಕೂತು, ಹೆಸರುಗಳು ಸ್ಪಷ್ಟವಾಗಿ ಕೇಳುತ್ತವಾ ನೋಡಿ.

ಕರೆಂಟ್ ಮತ್ತು ಸೆಲ್ ಎರಡರಲ್ಲೂ ನಡೆಯುವಂಥದ್ದು ತೆಗೆದುಕೊಳ್ಳಿ. ದಿನವಿಡೀ ಕೇಳುವವರಿಗೆ ಪ್ಲಗ್ಗೇ ಸರಿ, ಸೆಲ್ ಒಳಗೆ ಕಾದುಕೊಂಡಿರಲಿ. ಒಳಗೇ ಬ್ಯಾಟರಿ ಇದ್ದು ಚಾರ್ಜ್ ಮಾಡುವ ಸೆಟ್ಟಿನಲ್ಲಿ ತೊಂದರೆ ಏನೆಂದರೆ ಆ ಸಣ್ಣ ಪಿನ್ನನ್ನು ಆ ಸಣ್ಣ ತೂತಿಗೆ ಸೇರಿಸುವುದು. ಒಂದೇ ದಿಕ್ಕಿಗೆ ಕೂರುವ ಹಳೆಯ ಮೈಕ್ರೋ ಯುಎಸ್‌ಬಿ ಬೇಡವೇ ಬೇಡ, ತಲೆಕೆಳಗು ಹಾಕಿ ಒತ್ತಿ ಮುರಿದವರಿದ್ದಾರೆ. ಯಾವ ಕಡೆಯಿಂದಲೂ ಕೂರುವ ಟೈಪ್ ಸಿ ಪರವಾಗಿಲ್ಲ. ಬರೀ ಸೆಲ್ಲಲ್ಲೇ ಓಡಿಸುವುದಾದರೆ ದಪ್ಪ ಸೆಲ್ ಹಿಡಿಯುವ ಸೆಟ್ ನೋಡಿ. ದಪ್ಪ ಡಿ ಸೆಲ್ಲಿನಲ್ಲಿ ಪೆನ್ಸಿಲ್ ಸೆಲ್ಲಿನ ಐದಾರು ಪಟ್ಟು ಶಕ್ತಿ ಇರುತ್ತದೆ, ಪದೇಪದೇ ಬದಲಾಯಿಸುವ ಕೆಲಸ ತಪ್ಪುತ್ತದೆ. ಸೆಲ್ ಹಾಕುವುದನ್ನೂ ಬೆರಳಿಗೆ ಕಲಿಸಬಹುದು. ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಕಡೆಗೆ ಸೆಲ್ಲಿನ ಚಪ್ಪಟೆ ತುದಿ, ಉಬ್ಬು ಇರುವ ತುದಿ ಇನ್ನೊಂದು ಕಡೆಗೆ. ನೆನಪಿಡಲು ಅಷ್ಟೇ.

ಆಂಟೆನಾ ವಿಷಯದಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣು ಮಂದವಾದವರು ಸೆಟ್ಟಿನ ಹತ್ತಿರ ಬಗ್ಗಿ ನೋಡುತ್ತಾರೆ. ನಿಮ್ಮ ದೊಡ್ಡಮ್ಮನ ಹಾಗೆ ಮಧ್ಯಭಾಗ ಮಸುಕಾದವರಂತೂ ಮುಖ ಓರೆ ಮಾಡಿ ಇನ್ನೂ ಹತ್ತಿರ ಬರುತ್ತಾರೆ. ನೆಟ್ಟಗೆ ನಿಂತ ತೆಳು ಕಡ್ಡಿ ಅವರಿಗೆ ಕಾಣುವುದೇ ಇಲ್ಲ. ಉಳಿದಿರುವ ಕಣ್ಣಿಗೂ ಏಟಾಗಬಹುದು. ಕಡ್ಡಿಯ ತುದಿಗೆ ಒಂದು ರಬ್ಬರ್ ಚೆಂಡನ್ನೋ ಬಿರಡೆಯನ್ನೋ ಗಟ್ಟಿಯಾಗಿ ಸಿಕ್ಕಿಸಿ, ಬಿಳಿ ಅಥವಾ ಹಳದಿ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಚೆನ್ನಾಗಿರುವುದು, ಕಡ್ಡಿಯನ್ನು ಮಡಚಿಟ್ಟು ಅದಕ್ಕೆ ಸುಮಾರು 75 ಸೆಂಟಿಮೀಟರ್ ತಂತಿ ಸುತ್ತಿ ಗೋಡೆಯ ಮೇಲೆ ಟೇಪಿನಿಂದ ಅಂಟಿಸುವುದು. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್, ಅದರ ಕಾಲು ಭಾಗ ಆದ್ದರಿಂದ ಈ ಅಳತೆ. ತಂತಿ ಕಡ್ಡಿಯ ಲೋಹಕ್ಕೆ ತಗಲುವ ಕಡೆ ಅದರ ಪ್ಲಾಸ್ಟಿಕ್ ಸುಲಿದಿರಬೇಕು. ಮೀಡಿಯಂ ವೇವಿಗೆ ಈ ಕಡ್ಡಿ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಅದರ ಆಂಟೆನಾ ಸೆಟ್ಟಿನ ಒಳಗೇ ಅಡ್ಡಡ್ಡ ಮಲಗಿರುತ್ತದೆ, ಹಾಗಾಗಿ ಇಡೀ ಸೆಟ್ಟನ್ನೇ ತಿರುಗಿಸಿ ಚೆನ್ನಾಗಿ ಕೇಳುವ ದಿಕ್ಕು ಹುಡುಕಬೇಕು. ಗೊರ್ ಅನ್ನುತ್ತಿದ್ದರೆ ಹತ್ತಿರದ ಎಲ್‌ಇಡಿ ಬಲ್ಬನ್ನೂ ಮೊಬೈಲ್ ಚಾರ್ಜರನ್ನೂ ಒಮ್ಮೆ ಆಫ್ ಮಾಡಿ ನೋಡಿ.

ಸೆಟ್ ಮನೆಗೆ ಬಂದ ಮೇಲೆ ಗುರುತು ಹಾಕುವ ಕೆಲಸ. ಅಂಟಿಸುವ ಸಣ್ಣ ರಬ್ಬರ್ ಬೊಟ್ಟುಗಳು ಸಿಗುತ್ತವೆ. ಸಿಗದಿದ್ದರೆ ಉಗುರು ಬಣ್ಣವನ್ನು ಒಂದರ ಮೇಲೊಂದು ನಾಲ್ಕೈದು ಸಲ ಇಟ್ಟು ಒಣಗಿಸಿದರೆ ಉಬ್ಬು ಬರುತ್ತದೆ. ಬೆಂಕಿಕಡ್ಡಿಯ ತುಂಡನ್ನು ಗೋಂದು ಹಾಕಿ ಅಂಟಿಸಿದರೂ ಆದೀತು. ಅಂಟಿಸುವ ಮೊದಲು ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಇಲ್ಲದಿದ್ದರೆ ಕೈಯ ಜಿಡ್ಡಿಗೆ ಒಂದು ವಾರದಲ್ಲಿ ಕಿತ್ತುಬರುತ್ತದೆ. ಎಲ್ಲ ಗುಂಡಿಗೂ ಬೊಟ್ಟು ಇಡಬೇಡಿ. ಎಲ್ಲದಕ್ಕೂ ಇಟ್ಟರೆ ಯಾವುದಕ್ಕೂ ಇಡದ ಹಾಗೇ. ವಾಲ್ಯೂಮ್ ನಾಬಿನ ಮೇಲೆ ಒಂದು, ಅದು ದಿನಾ ಇರಬೇಕಾದ ಜಾಗಕ್ಕೆ ಎದುರಾಗಿ ಸೆಟ್ಟಿನ ಮೈಮೇಲೆ ಒಂದು. ಬೊಟ್ಟಿಗೆ ಬೊಟ್ಟು ಸೇರಿದರೆ ಸದ್ದು ಸರಿಯಾಗಿದೆ ಅಂತ ಅರ್ಥ. ಇಷ್ಟದ ಸ್ಟೇಷನ್ನಿನ ಗುಂಡಿಗೆ ಮೂರನೆಯದು. ಸಾಕು.

ಬೇಡದ್ದನ್ನು ಮುಚ್ಚುವುದು ಗುರುತು ಹಾಕುವುದಕ್ಕಿಂತ ಮುಖ್ಯ. ಪಕ್ಕದಲ್ಲಿ ಜಾರುವ ಬ್ಯಾಂಡ್ ಸ್ವಿಚ್ ಇರುತ್ತದಲ್ಲ, ಅದು ಒಂದು ಚೂರು ಸರಿದರೆ ಸ್ಟೇಷನ್ ಹೋಯಿತು. ಸರಿಯಾದ ಜಾಗದಲ್ಲಿಟ್ಟು ಗಟ್ಟಿ ಟೇಪ್ ಹಾಕಿ. ಲಾಕ್ ಸ್ವಿಚ್ ಇದ್ದರೆ ಅದನ್ನೂ ಲಾಕ್ ಬಿಟ್ಟ ಸ್ಥಿತಿಯಲ್ಲಿಟ್ಟು ಟೇಪ್ ಹಾಕಿ. "ರೇಡಿಯೋ ಸತ್ತೇ ಹೋಗಿದೆ" ಅಂತ ತಂದ ಸೆಟ್ಟುಗಳಲ್ಲಿ ಬರೀ ಲಾಕ್ ಬಿದ್ದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲಾರಂ, ಸ್ಲೀಪ್ ಇಂಥ ಬಟನ್ನುಗಳ ಮೇಲೆ ತುಂಡು ರಟ್ಟನ್ನಿಟ್ಟು ಅಂಟಿಸಿಬಿಡಿ. ಸೆಟ್ಟಿನ ಅಂದ ಕೆಡುತ್ತದೆ ನಿಜ, ಕೆಟ್ಟರೆ ಕೆಡಲಿ.

ದೊಡ್ಡಮ್ಮನಿಗೆ ಪಕ್ಕದ ನೋಟ ಉಳಿದಿದೆ, ಅದನ್ನೂ ಬಳಸಿಕೊಳ್ಳೋಣ. ಕಪ್ಪು ಸೆಟ್ಟಿಗೆ ಬಿಳಿ ಅಥವಾ ಹಳದಿ ನಾಬ್, ಬಿಳಿ ಸೆಟ್ಟಿಗೆ ಕಪ್ಪು ನಾಬ್. ಬೂದು ಬಣ್ಣದ ಮೇಲೆ ಬೆಳ್ಳಿ ಬಣ್ಣದ ಗುಂಡಿ ಇದ್ದರೆ ಎರಡೂ ಒಂದಾಗಿ ಕಾಣುತ್ತವೆ. ಸೆಟ್ ಇಡುವ ಮೇಜಿನ ಬಣ್ಣವೂ ಬೇರೆ ಇರಲಿ. ಹೊಳೆಯುವ ಮೈ ಬೇಡ, ಬೆಳಕು ಬಿದ್ದು ಕಣ್ಣು ಕೋರೈಸುತ್ತದೆ. ಪೊರೆ ಇರುವವರಿಗೆ ಇದರ ಕಾಟ ಇನ್ನೂ ಜಾಸ್ತಿ.

ಇನ್ನು ಸ್ಮಾರ್ಟ್ ಸ್ಪೀಕರ್. ಕೈಯೇ ಆಡದವರಿಗೆ, ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ಕರೆಂಟ್ ಬೇಕು, ಅದು ಕೇಳುವ ಭಾಷೆಯಲ್ಲಿ, ಅದು ಕೇಳುವ ಕ್ರಮದಲ್ಲಿ ಮಾತಾಡಬೇಕು. ಮೊದಲು ಅದನ್ನು ಹೆಸರಿಟ್ಟು ಕರೆಯಬೇಕು, ಆಮೇಲೆ ಸ್ಟೇಷನ್ ಹೆಸರನ್ನು ಸರಿಯಾಗಿ ಹೇಳಬೇಕು, ಅದು ತಪ್ಪು ತಿಳಿದುಕೊಂಡು ಇನ್ನೇನೋ ಹಾಕಿದರೆ ನಿಲ್ಲಿಸಲೂ ಹೇಳಬೇಕು. ವೈಫೈ ಹೋದ ದಿನ ಬರೀ ಡಬ್ಬಿ. ದೊಡ್ಡಮ್ಮ ಆಸೆಪಟ್ಟರೆ ಎರಡನೆಯದಾಗಿ ಕೊಡಿಸಿ, ಮೊದಲನೆಯದಾಗಿ ಬೇಡ. ಒತ್ತಿದ ಗುಂಡಿಯ ಹೆಸರನ್ನು, ಸ್ಟೇಷನ್ನಿನ ನಂಬರನ್ನು ಬಾಯಿಬಿಟ್ಟು ಹೇಳುವ ರೇಡಿಯೋಗಳೂ ಇವೆ. ಒಳ್ಳೆಯವೇ. ಅವು ಹೇಳುವ ಭಾಷೆ ಅವರಿಗೆ ಅರ್ಥವಾಗುತ್ತದಾ ಅಂತ ಕೇಳಿಸಿಕೊಂಡು ಕೊಳ್ಳಿ.

ಕೊನೆಗೆ ಹೇಳಿಕೊಡುವುದು. ದೊಡ್ಡಮ್ಮನ ಕೈ ಹಿಡಿದು ಎಳೆದು ಗುಂಡಿಯ ಮೇಲೆ ಇಡಬೇಡಿ. ನಿಮ್ಮ ಕೈಯನ್ನು ನಾಬಿನ ಮೇಲಿಟ್ಟು, ಅವರ ಕೈ ನಿಮ್ಮ ಕೈ ಮೇಲೆ ಬರಲಿ. ನೀವು ತಿರುಗಿಸಿದ್ದು ಅವರಿಗೆ ತಿಳಿಯುತ್ತದೆ, ಬೇಕಾದಾಗ ಕೈ ತೆಗೆಯುವ ಸ್ವಾತಂತ್ರ್ಯವೂ ಅವರಿಗಿರುತ್ತದೆ. ಆಮೇಲೆ ಮೆಲ್ಲಗೆ ನಿಮ್ಮ ಕೈ ಹೊರಗೆ ತೆಗೆಯಿರಿ. "ಇಲ್ಲಿದೆ, ಅಲ್ಲಿದೆ" ಅನ್ನಬೇಡಿ, ಅದು ಕಾಣುವವರ ಮಾತು. "ಬಲ ಅಂಚಿನಿಂದ ಎರಡು ಬೆರಳು ಒಳಗೆ" ಅನ್ನಿ. ಸೆಟ್ಟಿಗೆ ಒಂದೇ ಜಾಗ ಗೊತ್ತು ಮಾಡಿ, ಜಾರದ ಹಾಗೆ ಅಡಿಗೆ ರಬ್ಬರ್ ಮ್ಯಾಟ್ ಹಾಕಿ, ವೈರ್ ನಡೆಯುವ ದಾರಿಗೆ ಬರದಂತೆ ಗೋಡೆಗೆ ಒತ್ತಿಸಿ. ಧೂಳು ಒರೆಸುವವರಿಗೂ ಹೇಳಿಡಿ, ಸೆಟ್ಟನ್ನು ಸರಿಸಿದರೆ ಮತ್ತೆ ಅದೇ ಜಾಗಕ್ಕೆ, ಅದೇ ಮುಖ ಮಾಡಿ ಇಡಬೇಕು ಅಂತ. ಮತ್ತೆ ಬೇಕೆಂದೇ ಸ್ಟೇಷನ್ ತಪ್ಪಿಸಿ, ವಾಪಸ್ ತರುವುದನ್ನು ಅವರಿಂದಲೇ ಎರಡು ಮೂರು ಸಲ ಮಾಡಿಸಿ. ಕೆಟ್ಟರೆ ನಾನೇ ಸರಿಮಾಡಬಲ್ಲೆ ಅಂತ ಗೊತ್ತಾದ ಮೇಲೇ ಅಳುಕು ಹೋಗುವುದು.

ಈಗಿರುವ ಡಿಜಿಟಲ್ ಸೆಟ್ಟನ್ನು ಸದ್ಯಕ್ಕೆ ಎಲ್ಲೂ ಕೊಡಬೇಡಿ. ಹೊಸದು ಬಂದು ಒಂದು ತಿಂಗಳು ಕಳೆಯಲಿ. ಅಷ್ಟರೊಳಗೆ ಒಂದು ಬೆಳಗ್ಗೆ ನೀವು ಏಳುವ ಮೊದಲೇ ದೊಡ್ಡಮ್ಮನ ಕೋಣೆಯಿಂದ ವಾರ್ತೆ ಕೇಳಿಸಿದರೆ ಸೆಟ್ ಸರಿಯಾಗಿದೆ. ಕೇಳಿಸದಿದ್ದರೆ ಎಲ್ಲಿ ತಡವರಿಸುತ್ತಾರೆ ಅಂತ ಪಕ್ಕದಲ್ಲಿ ಕೂತು ಬೆರಳನ್ನು ನೋಡಿ, ಅದನ್ನು ನನಗೆ ಬರೆಯಿರಿ.